ಮೇ 15ಕ್ಕೆ ಮೊದಲೇ ಟೊಮೇಟೊ ಸಸಿ ನೆಲಕ್ಕೆ ಇಡಬಹುದಾ? ಅತ್ತೆ ಜುಲೈ 14ಕ್ಕೆ ಊರಿಗೆ ಹೊರಡುತ್ತಾರೆ

ಹಿತ್ತಲಗಿಡ · ನೇಪರ್‌ವಿಲ್, ಶಿಕಾಗೊ ಹತ್ತಿರ · ಏಪ್ರಿಲ್ 18

ಎಲ್ಲರಿಗೂ ನಮಸ್ಕಾರ. ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ ಅಂತ ಗೊತ್ತು. ಆದರೆ ಈ ಸಲ ನನಗೆ ಒಂದು ಕಾರಣ ಇದೆ, ಅದಕ್ಕೇ ಕೇಳುತ್ತಿದ್ದೇನೆ.

ನಮ್ಮ ಅತ್ತೆ ಫೆಬ್ರವರಿ ಕೊನೆಗೆ ಬಂದರು. ಮುಳಬಾಗಿಲು ಕಡೆಯವರು. ಮದುವೆಯಾಗಿ ಬಂದಾಗಿನಿಂದ ಟೊಮೇಟೊ ಬೆಳೆದವರು. ಮಾರ್ಚ್ 8ಕ್ಕೆ ನಾವಿಬ್ಬರೂ ಬೇಸ್‌ಮೆಂಟಿನಲ್ಲಿ ಕೂತು ಬೀಜ ಹಾಕಿದೆವು. ಸನ್‌ಗೋಲ್ಡ್, ಅರ್ಲಿ ಗರ್ಲ್, ಸ್ಟುಪೀಸ್ ಅಂತ ಮೂರು ತಳಿ. ಒಟ್ಟು 14 ಸಸಿ ಉಳಿದಿವೆ. ದೀಪದ ಕೆಳಗೆ ಚೆನ್ನಾಗಿ ಬೆಳೆದು ಒಂದು ಗೇಣು ಆಗಿವೆ. ಒಂದು ಸ್ಟುಪೀಸ್‌ನಲ್ಲಿ ಆಗಲೇ ಮೊಗ್ಗು ಕಾಣಿಸುತ್ತಿದೆ.

ಚಳಿ ಕಳೆದು ಸಸಿ ಹೊರಗೆ ನೆಡುವುದು ಯಾವಾಗ ಅಂತ ಇಲ್ಲಿ ಯಾರನ್ನು ಕೇಳಿದರೂ ಮೇ 15 ಅನ್ನುತ್ತಾರೆ. ಮೇ 15ಕ್ಕೆ ನೆಟ್ಟರೆ ಅತ್ತೆ ಹೊರಡುವ ದಿನಕ್ಕೆ ಸರಿಯಾಗಿ 60 ದಿನ. ಅರ್ಲಿ ಗರ್ಲ್ ನೆಟ್ಟ 50-52 ದಿನಕ್ಕೆ ಹಣ್ಣು, ಸನ್‌ಗೋಲ್ಡ್ 57 ದಿನಕ್ಕೆ ಅಂತ ಬೀಜದವರು ಹೇಳುತ್ತಾರೆ. ಕಾಗದದ ಮೇಲೆ ಲೆಕ್ಕ ಸರಿ. ಆದರೆ ಹೋದ ವರ್ಷ ಮೇ 16ಕ್ಕೆ ನೆಟ್ಟ ನನ್ನ ಗಿಡ ಮೊದಲ ಹಣ್ಣು ಕೊಟ್ಟದ್ದು ಜುಲೈ 26ಕ್ಕೆ.

ಅತ್ತೆ ಇದಕ್ಕೆ ಮುಂಚೆ ಒಂದೇ ಸಲ ಬಂದದ್ದು, ಅದೂ ಅಕ್ಟೋಬರ್‌ನಲ್ಲಿ. ಆಗ ಗಿಡದಲ್ಲಿ ಬರೀ ಕಾಯಿ. ಚಳಿ ಬರುತ್ತದೆ ಅಂತ ಎಲ್ಲವನ್ನೂ ಕಿತ್ತು ಕಾಯಿ ಚಟ್ನಿ ಮಾಡಿದರು. ಚಟ್ನಿ ಬಹಳ ಚೆನ್ನಾಗಿತ್ತು. ಆದರೂ ಒಂದು ಹಣ್ಣಾದರೂ ಇಲ್ಲಿ ಅವರ ಕೈಯಿಂದ ಕೀಳಿಸಬೇಕು ಅಂತ ಆವತ್ತಿನಿಂದ ನನ್ನ ಮನಸ್ಸಿನಲ್ಲಿದೆ.

ಈ ವಾರ ಹಗಲು 70 ಡಿಗ್ರಿ (ಫ್ಯಾರನ್‌ಹೀಟ್), ರಾತ್ರಿ 48. ಮುಂದಿನ ಹತ್ತು ದಿನದ ಮುನ್ಸೂಚನೆಯಲ್ಲಿ ಫ್ರಾಸ್ಟ್, ಅಂದರೆ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ, ಇಲ್ಲ. ಏಪ್ರಿಲ್ 25ಕ್ಕೆ ನೆಟ್ಟುಬಿಡಲಾ?

ಮಣ್ಣುಕೈ · ಎಡಿಸನ್, ನ್ಯೂಜೆರ್ಸಿ · ಏಪ್ರಿಲ್ 18

ಬೇಡ ಕಣ್ರೀ. ನಾನು ಅನುಭವಿಸಿದ್ದೇನೆ.

2020ರ ವಸಂತ. ಎಲ್ಲರೂ ಮನೆಯೊಳಗೆ. ನಾನು ಮೊದಲ ಸಲ ತೋಟ ಮಾಡಿದ್ದು ಆಗಲೇ. ಏಪ್ರಿಲ್ ಕೊನೆಯಲ್ಲಿ ನಾಲ್ಕು ದಿನ ಬಿಸಿಲು ಬಂತು ಅಂತ 22 ಸಸಿ ನೆಟ್ಟೆ. ಮೇ 9, ಶನಿವಾರ, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲೇ ಹಿಮದ ಹರಳು ಉದುರಿದವು. ಮಾರನೆಯ ದಿನ ಮದರ್ಸ್ ಡೇ. ಮದರ್ಸ್ ಡೇ ಬಂದರೆ ಚಳಿ ಮುಗಿಯಿತು ಅಂತ ಇಲ್ಲಿ ಎಲ್ಲರೂ ಹೇಳುತ್ತಾರಲ್ಲ, ಅದರ ಹಿಂದಿನ ದಿನ!

ಹಿಂದಿನ ರಾತ್ರಿ ದೊಡ್ಡ ಪ್ಲಾಸ್ಟಿಕ್ ಹಾಳೆ ತಂದು ಗಿಡಗಳ ಮೇಲೆ ಹಾಗೇ ಹಾಸಿದೆ. ಅದೇ ತಪ್ಪಾಯಿತು. ಪ್ಲಾಸ್ಟಿಕ್ ತಗುಲಿದ ಎಲೆ ಎಲ್ಲಾ ಬೆಳಗ್ಗೆ ಕುದಿಸಿದ ಸೊಪ್ಪಿನ ಹಾಗೆ ಆಗಿತ್ತು. ಮಧ್ಯಾಹ್ನಕ್ಕೆ ಕಪ್ಪು. ಉಳಿದದ್ದು ಎರಡೇ ಗಿಡ. ಮಗ ಆಟಕ್ಕೆ ಅಂತ ಬಕೆಟ್ ಬೋರಲು ಹಾಕಿದ್ದನಲ್ಲ, ಅದರ ಕೆಳಗಿದ್ದವು. ಮತ್ತೆ ಸಸಿ ತರೋಣ ಅಂದರೆ ಆ ವರ್ಷ ಅಂಗಡಿಯಲ್ಲಿ ಸಸಿಯೂ ಇಲ್ಲ, ಬೀಜವೂ ಇಲ್ಲ.

ತುಂಬೆಹೂ · ಬ್ರ್ಯಾಂಪ್ಟನ್, ಟೊರಾಂಟೊ ಹತ್ತಿರ · ಏಪ್ರಿಲ್ 18

ನಮ್ಮಲ್ಲಿ ವಿಕ್ಟೋರಿಯಾ ಡೇ ವಾರಾಂತ್ಯ. ಅಂದರೆ ಮೇ 25ಕ್ಕೆ ಮುಂಚಿನ ಸೋಮವಾರ. ಅದಕ್ಕೆ ಮೊದಲು ನಾನು ಟೊಮೇಟೊ ಹೊರಗೆ ಇಡುವುದಿಲ್ಲ. ಬೆಂಡೆ, ಹಾಗಲ ಇನ್ನೂ ಎರಡು ವಾರ ತಡ.

ಬಿಳಿಜೋಳ · ಮ್ಯಾಡಿಸನ್, ವಿಸ್ಕಾನ್ಸಿನ್ · ಏಪ್ರಿಲ್ 19

ಹಿತ್ತಲಗಿಡ ಅವರೇ, ಧಾರವಾಡದಲ್ಲಿ ಕೃಷಿ ಓದಿ ಇಲ್ಲಿಗೆ ಬಂದವನು ನಾನು. ಇಲ್ಲಿ ಹದಿನಾಲ್ಕು ವರ್ಷದಿಂದ ಟೊಮೇಟೊ ಬೆಳೆಯುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಎಲ್ಲರೂ ಫ್ರಾಸ್ಟ್ ಬಗ್ಗೆಯೇ ಹೆದರುತ್ತಾರೆ. ಫ್ರಾಸ್ಟ್ ಒಂದು ರಾತ್ರಿಯ ಮಾತು, ಮುಚ್ಚಿ ಉಳಿಸಬಹುದು. ಬೇಗ ನೆಟ್ಟವರು ನಿಜವಾಗಿ ಸೋಲುವುದು ಮಣ್ಣಿನ ತಂಪಿಗೆ. ಟೊಮೇಟೊ ಬೇರಿಗೆ ಮಣ್ಣು 60 ಡಿಗ್ರಿಯಾದರೂ ಇರಬೇಕು, ನಮ್ಮ ಲೆಕ್ಕದಲ್ಲಿ ಹದಿನಾರು ಸೆಲ್ಸಿಯಸ್ ಹತ್ತಿರ. ಅದಕ್ಕಿಂತ ಕಡಿಮೆ ಇದ್ದರೆ ಬೇರು ರಂಜಕವನ್ನು (ಫಾಸ್ಫರಸ್) ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಎಲೆಯ ಹಿಂಬದಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಜನ ಗೊಬ್ಬರ ಕಡಿಮೆ ಅಂದುಕೊಂಡು ಮತ್ತೆ ಮತ್ತೆ ಗೊಬ್ಬರ ಹಾಕುತ್ತಾರೆ. ಗಿಡಕ್ಕೆ ಬೇಕಾದದ್ದು ಬಿಸಿ, ಗೊಬ್ಬರ ಅಲ್ಲ. ರಾತ್ರಿ 50ಕ್ಕಿಂತ ಕೆಳಗೆ ಇಳಿಯುತ್ತಾ ಇದ್ದರೆ ಗಿಡ ಸಾಯುವುದಿಲ್ಲ, ಆದರೆ ನಿಂತುಬಿಡುತ್ತದೆ.

ಲೆಕ್ಕ ಹೀಗೆ ಹಾಕಿ. ದಿನದ ಗರಿಷ್ಠ, ಕನಿಷ್ಠ ಎರಡನ್ನೂ ಕೂಡಿ ಅರ್ಧ ಮಾಡಿ. ಅದರಲ್ಲಿ 50 ಕಳೆಯಿರಿ. ಉಳಿದದ್ದು ಆ ದಿನ ಗಿಡ ಗಳಿಸಿದ ಬಿಸಿ. ಏಪ್ರಿಲ್ ಕೊನೆಯ ಒಂದು ಸಾಧಾರಣ ದಿನ: ಹಗಲು 62, ರಾತ್ರಿ 42. ಸರಾಸರಿ 52. ಗಳಿಕೆ 2. ಮೇ ಕೊನೆಯ ಒಂದು ದಿನ: ಹಗಲು 76, ರಾತ್ರಿ 56. ಸರಾಸರಿ 66. ಗಳಿಕೆ 16. ಅಂದರೆ ಏಪ್ರಿಲ್‌ನ ಎಂಟು ದಿನ ಸೇರಿದರೆ ಮೇ ಕೊನೆಯ ಒಂದು ದಿನ. ಮೂರು ವಾರ ಮೊದಲು ನೆಟ್ಟರೆ ಮೂರು ವಾರ ಮೊದಲು ಹಣ್ಣು ಬರುವುದಿಲ್ಲ. ಒಂದು ವಾರ ಸಿಕ್ಕರೆ ದೊಡ್ಡದು.

ಇನ್ನೊಂದು ಮಾತು. ಮುನ್ಸೂಚನೆಯಲ್ಲಿ ಹತ್ತು ದಿನ ಫ್ರಾಸ್ಟ್ ಇಲ್ಲ ಅಂದಿರಿ. ಅದು ಏಪ್ರಿಲ್ 28ರ ತನಕ ಆಯಿತು. ಅಲ್ಲಿಂದ ಮೇ 15ರ ತನಕ? ಕೊನೆಯ ಫ್ರಾಸ್ಟಿನ ಸರಾಸರಿ ದಿನ ಅಂತ ಒಂದು ತಾರೀಖು ಕೊಡುತ್ತಾರಲ್ಲ, ಸರಾಸರಿ ಅಂದರೆ ಹೆಚ್ಚುಕಡಿಮೆ ಅರ್ಧ ವರ್ಷಗಳಲ್ಲಿ ಅದರ ನಂತರವೂ ಫ್ರಾಸ್ಟ್ ಬಂದಿದೆ ಅಂತಲೇ ಅರ್ಥ.

ಸಂಪಿಗೆ · ಡೆನ್ವರ್ · ಏಪ್ರಿಲ್ 19

ಬಿಳಿಜೋಳ ಸರ್ ಹೇಳಿದ್ದು ಬರಿಮೈ ಗಿಡಕ್ಕೆ ಸರಿ. ನಾನು ಪ್ರತಿ ವರ್ಷ ಏಪ್ರಿಲ್ ನಡುವೆಯೇ ನೆಡುತ್ತೇನೆ. ಇಲ್ಲಿ ಮೇ ತಿಂಗಳಲ್ಲಿ ಹಿಮ ಬೀಳುವುದು ಹೊಸದೇನೂ ಅಲ್ಲ. ಆದರೂ ಗಿಡ ಉಳಿಯುತ್ತದೆ.

ವಾಲ್ ಓ ವಾಟರ್ ಅಂತ ಬರುತ್ತದೆ. ಪ್ಲಾಸ್ಟಿಕ್ ಕೊಳವೆಗಳನ್ನು ಸುತ್ತಲೂ ಸೇರಿಸಿದ ಒಂದು ಗೂಡು. ಅದರಲ್ಲಿ ಸುಮಾರು 3 ಗ್ಯಾಲನ್ ನೀರು ತುಂಬಿ ಗಿಡದ ಸುತ್ತ ನಿಲ್ಲಿಸುವುದು. ಹಗಲು ನೀರು ಬಿಸಿಯಾಗುತ್ತದೆ. ರಾತ್ರಿ ಆ ಬಿಸಿಯನ್ನು ಗಿಡಕ್ಕೆ ಬಿಡುತ್ತದೆ. ತೀರಾ ಚಳಿಯಾಗಿ ನೀರು ಗಟ್ಟಿಯಾಗಲು ಶುರುವಾದರೂ ಒಳ್ಳೆಯದೇ. ನೀರು ಮಂಜುಗಡ್ಡೆ ಆಗುವಾಗಲೂ ಬಿಸಿ ಬಿಡುತ್ತದೆ, ಆ ಬಿಸಿ ಬಹಳ ಜಾಸ್ತಿ.

ಒಂದು ಗುಟ್ಟು: ನೆಡುವ ವಾರಕ್ಕೆ ಮೊದಲೇ ಖಾಲಿ ಮಣ್ಣಿನ ಮೇಲೆ ಅದನ್ನು ನಿಲ್ಲಿಸಿ. ಒಳಗಿನ ಮಣ್ಣು ಬಿಸಿಯಾದ ಮೇಲೆ ಗಿಡ ಇಡಿ. ನಿಲ್ಲಿಸುವಾಗ ನಡುವೆ ಒಂದು ಬಕೆಟ್ ಇಟ್ಟು, ಅದರ ಸುತ್ತ ಗೂಡು ಇಟ್ಟು, ನೀರು ತುಂಬಿದ ಮೇಲೆ ಬಕೆಟ್ ಎತ್ತಿ. ಇಲ್ಲದಿದ್ದರೆ ಗಿಡದ ಮೇಲೇ ಬೀಳುತ್ತದೆ.

ಬಿಳಿಜೋಳ · ಮ್ಯಾಡಿಸನ್ · ಏಪ್ರಿಲ್ 19

ಅದನ್ನು ಒಪ್ಪುತ್ತೇನೆ. ಆದರೆ 14 ಗಿಡಕ್ಕೆ 14 ಗೂಡು ಕೊಂಡು, 42 ಗ್ಯಾಲನ್ ನೀರು ತುಂಬಿ, ಸಿಗುವುದು ಎಂಟು ಹತ್ತು ದಿನ. ಮಾಮೂಲಿ ವರ್ಷಕ್ಕೆ ಅಷ್ಟು ಬೇಕಾ? ನಾನು ಮಾಡುವುದಿಲ್ಲ.

ಸಂಪಿಗೆ · ಡೆನ್ವರ್ · ಏಪ್ರಿಲ್ 19

ಅತ್ತೆ ಜುಲೈ 14ಕ್ಕೆ ಹೊರಡುತ್ತಾರೆ ಸರ್. ಅವರಿಗೆ ಎಂಟು ಹತ್ತು ದಿನವೇ ಮುಖ್ಯ.

ಕೆಂಪುನೆಲ · ಮುಳಬಾಗಿಲು · ಏಪ್ರಿಲ್ 20

ನಮ್ಮೂರ ಹೆಸರು ನೋಡಿ ಬರೆಯುತ್ತಿದ್ದೇನೆ. ನಮಗೆ ಈ ಫ್ರಾಸ್ಟ್ ಅನ್ನುವುದೇ ಗೊತ್ತಿಲ್ಲ. ನಮ್ಮ ಕಷ್ಟ ಉಲ್ಟಾ. ಈಗ ಇಲ್ಲಿ ಬಿಸಿಲು 35 ಸೆಲ್ಸಿಯಸ್ ದಾಟಿದರೆ ಹೂವು ನಿಲ್ಲುವುದಿಲ್ಲ, ಉದುರುತ್ತದೆ. ಅಲ್ಲಿ ಚಳಿಗೂ ಹೂ ಉದುರುತ್ತದಂತೆ. ಎರಡು ಕಡೆಯೂ ಗಿಡ ಒಂದೇ ಅಲ್ವಾ.

ನರ್ಸರಿಯಿಂದ ನಾರು, ಅಂದರೆ ಸಸಿ, ಬಂದ ಕೂಡಲೇ ನಾವು ನಾಟಿ ಮಾಡುವುದಿಲ್ಲ. ಮೂರು ನಾಲ್ಕು ದಿನ ನೀರು ಕಡಿಮೆ ಮಾಡಿ ಬಿಸಿಲಿಗೆ ಗಟ್ಟಿ ಮಾಡುತ್ತೇವೆ. ಅಲ್ಲಿ ಬೇಸ್‌ಮೆಂಟಿನ ದೀಪದಲ್ಲಿ ಬೆಳೆದ ನಾರು ನೇರವಾಗಿ ಗಾಳಿಗೆ ಇಟ್ಟರೆ ತಡೆಯುತ್ತದಾ? ಅಮ್ಮನವರಿಗೆ ಈ ವಿಷಯ ಗೊತ್ತೇ ಇರುತ್ತದೆ, ಕೇಳಿ.

ಹಿತ್ತಲಗಿಡ · ನೇಪರ್‌ವಿಲ್ · ಏಪ್ರಿಲ್ 20

ಇವೆಲ್ಲವನ್ನೂ ಅತ್ತೆಗೆ ಓದಿ ಹೇಳಿದೆ. ಮುಳಬಾಗಿಲಿನಿಂದ ಬರೆದಿದ್ದಾರೆ ಅಂದ ತಕ್ಷಣ ಯಾವ ಹಳ್ಳಿ ಅಂತ ಕೇಳಿದರು! ನಾರು ಗಟ್ಟಿ ಮಾಡುವ ಮಾತು ಅವರೂ ಹೇಳಿದರು. ನಿನ್ನೆಯಿಂದ ದಿನಾ ಒಂದೊಂದು ಗಂಟೆ ಜಾಸ್ತಿ ಮಾಡುತ್ತಾ ಹೊರಗಡೆ ಇಡುತ್ತಿದ್ದೇವೆ. ಮೊದಲ ದಿನ ನೆರಳಲ್ಲಿ, ಇವತ್ತು ಅರ್ಧ ಬಿಸಿಲಲ್ಲಿ.

ಬಿಳಿಜೋಳ ಅವರ ಎಂಟು ದಿನಕ್ಕೆ ಒಂದು ದಿನದ ಲೆಕ್ಕ ಕೇಳಿ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದರೆ ಗಿಡವನ್ನ ಬಿಸಿ ಇದ್ದ ಕಡೆಗೆ ನಾವೇ ಹೊತ್ತುಕೊಂಡು ಹೋದರೆ ಆಯ್ತಲ್ಲ" ಅಂದರು. ಹಗಲು ಹೊರಗೆ, ರಾತ್ರಿ ಗ್ಯಾರೇಜಿಗೆ. ಐದು ಗ್ಯಾಲನ್ ಬಕೆಟ್‌ನಲ್ಲಿ ನೆಟ್ಟರೆ ಆಗುತ್ತದಾ?

ನಮ್ಮ ಪಕ್ಕದ ಮನೆಯವರು ಇನ್ನೊಂದು ಹೇಳಿದರು. 2023ರಲ್ಲಿ ಹೊಸ ವಲಯದ ನಕ್ಷೆ ಬಂದಿದೆ, ನಮ್ಮ ಕಡೆ ಬಿಸಿ ಜಾಸ್ತಿ ಆಗಿದೆ, ಅದಕ್ಕೇ ಬೇಗ ನೆಡಬಹುದು ಅಂತ. ನಿಜವಾ?

ಬಿಳಿಜೋಳ · ಮ್ಯಾಡಿಸನ್ · ಏಪ್ರಿಲ್ 20

ಆ ನಕ್ಷೆ ಹೇಳುವುದು ಚಳಿಗಾಲದ ಅತಿ ಕಡಿಮೆ ಉಷ್ಣತೆಯನ್ನು ಮಾತ್ರ. ಸೇಬು, ಗುಲಾಬಿ ಥರ ವರ್ಷಾನುಗಟ್ಟಲೆ ನೆಲದಲ್ಲಿ ಇರುವ ಗಿಡಕ್ಕೆ ಅದು ಬೇಕು. ವಸಂತದ ಕೊನೆಯ ಫ್ರಾಸ್ಟ್ ಯಾವಾಗ ಅಂತ ಅದು ಹೇಳುವುದೇ ಇಲ್ಲ. 2023ರ ಮೇ 18ರ ಬೆಳಗ್ಗೆ ನ್ಯೂಯಾರ್ಕ್ ರಾಜ್ಯದ ದ್ರಾಕ್ಷಿ ತೋಟಗಳೂ ವರ್ಮಾಂಟ್‌ನ ಸೇಬಿನ ತೋಟಗಳೂ ಫ್ರಾಸ್ಟಿಗೆ ಸಿಕ್ಕಿ ಬಹಳ ನಷ್ಟವಾಯಿತು. ಹೊಸ ನಕ್ಷೆ ಬಂದ ವರ್ಷವೇ ಅದು.

ಬಕೆಟ್ ವಿಚಾರ: ಅತ್ತೆಯವರ ಮಾತು ನೂರಕ್ಕೆ ನೂರು ಸರಿ. ಐದು ಗ್ಯಾಲನ್ ಬಕೆಟ್, ತಳದಲ್ಲಿ ನಾಲ್ಕೈದು ತೂತು. ಕಪ್ಪು ಬಣ್ಣದ್ದಾದರೆ ಒಳ್ಳೆಯದು, ಬೇಗ ಬಿಸಿಯಾಗುತ್ತದೆ. ಕಾಂಡವನ್ನು ಆದಷ್ಟು ಆಳಕ್ಕೆ ಹೂಳಿ, ಮಣ್ಣಿಗೆ ತಗುಲಿದ ಕಾಂಡದಿಂದೆಲ್ಲಾ ಬೇರು ಬರುತ್ತದೆ. ಬಕೆಟ್ ಗಿಡದಲ್ಲಿ ಇಳುವರಿ ಕಡಿಮೆ, ದಿನಾ ನೀರು ಬೇಕು. ಆದರೆ ನಿಮಗೆ ಈಗ ಬೇಕಿರುವುದು ಬುಟ್ಟಿ ತುಂಬ ಅಲ್ಲ, ಮೊದಲ ಹಣ್ಣು.

ಕಾಫಿತೋಟ · ಸ್ಟುಟ್‌ಗಾರ್ಟ್, ಜರ್ಮನಿ · ಏಪ್ರಿಲ್ 21

ಇಲ್ಲಿನವರ ಲೆಕ್ಕ ಕೇಳಿದರೆ ನಿಮ್ಮ ಅತ್ತೆಗೆ ಇಷ್ಟವಾಗಬಹುದು. ಮೇ 11ರಿಂದ 15ರವರೆಗೆ ಐದು ದಿನಕ್ಕೆ ಐದು ಸಂತರ ಹೆಸರಿದೆ. ಐಸ್‌ಹೈಲಿಗೆನ್ ಅನ್ನುತ್ತಾರೆ, ಮಂಜಿನ ಸಂತರು ಅಂತ. ಕೊನೆಯವಳು ಚಳಿಯ ಸೋಫಿ. ಅವಳು ಹೋದ ಮೇಲೆಯೇ ಟೊಮೇಟೊ ಹೊರಗೆ. ನಮ್ಮ ಪಕ್ಕದ ಮನೆಯ ಅಜ್ಜಿ ಈ ಮಾತಿನಿಂದ ಒಂದು ದಿನವೂ ಅಲುಗಾಡುವುದಿಲ್ಲ.

ನನಗೆ ಇದು ನಮ್ಮ ಮಳೆ ನಕ್ಷತ್ರದ ಲೆಕ್ಕದ ಹಾಗೆಯೇ ಕಾಣುತ್ತದೆ. ಊರಲ್ಲಿ ಏಪ್ರಿಲ್ ಕೊನೆಗೆ ಭರಣಿ ಮಳೆ ಶುರು, ಮೇ 11ರ ಸುಮಾರಿಗೆ ಕೃತ್ತಿಕೆ. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅಂತ ನಮ್ಮಜ್ಜ ಹೇಳುತ್ತಿದ್ದರು. ನಮ್ಮವರು ಮಳೆಗೆ ಕಾಯುವ ಅದೇ ದಿನಗಳಲ್ಲಿ ಇಲ್ಲಿಯವರು ಚಳಿ ಕಳೆಯಲಿ ಅಂತ ಕಾಯುತ್ತಾರೆ.

ಒಂದು ಸೂಕ್ಷ್ಮ ಇದೆ. ಆ ಸಂತರ ದಿನಗಳು ಹಳೆಯ ಪಂಚಾಂಗದ ಕಾಲದ್ದು. ಪಂಚಾಂಗ ಬದಲಾದಾಗ ಹತ್ತು ದಿನ ಆಚೀಚೆ ಆಯಿತು. ಹಾಗೆ ನೋಡಿದರೆ ಹಳಬರು ಹೇಳಿದ್ದ ಚಳಿ ಈಗಿನ ಮೇ 20ರ ನಂತರಕ್ಕೆ ಬರುತ್ತದೆ. ತಾರೀಖು ನೋಡುವುದಕ್ಕಿಂತ ಆಕಾಶ ನೋಡುವುದು ಮೇಲು.

ಹಿತ್ತಲಗಿಡ · ನೇಪರ್‌ವಿಲ್ · ಏಪ್ರಿಲ್ 26

ಭರಣಿ ಅಂದ ಕೂಡಲೇ ಅತ್ತೆ ಕ್ಯಾಲೆಂಡರ್ ತೆಗೆದರು. ಅವರಿಗೆ ಇದು ಅರ್ಥವಾದ ಹಾಗೆ ಥರ್ಮಾಮೀಟರ್ ಲೆಕ್ಕ ಆಗಲಿಲ್ಲ.

ಕೊನೆಗೆ ಹೀಗೆ ಮಾಡಿದೆವು. ಮೂರು ಸಸಿ ಕಪ್ಪು ಬಕೆಟ್‌ನಲ್ಲಿ, ಮಗನ ಹಳೆಯ ಆಟದ ಗಾಡಿಯ ಮೇಲೆ. ಎರಡು ಸಸಿ ನೆಲದಲ್ಲಿ, ನೀರಿನ ಗೂಡಿನೊಳಗೆ. ಎರಡು ಸಸಿ ನೆಲದಲ್ಲಿ ಬರಿಮೈ, ಚಳಿ ಬಂದ ರಾತ್ರಿ ಮಾತ್ರ ಮುಚ್ಚುವುದು. ಇದು ಅತ್ತೆಯ ಹಠ. ಬರಿಮೈ ಗಿಡ ಏನಾಗುತ್ತದೆ ಅಂತ ಅವರಿಗೆ ನೋಡಬೇಕಂತೆ. ಉಳಿದ ಏಳು ಬೇಸ್‌ಮೆಂಟಿನಲ್ಲೇ, ಮೇ 17ಕ್ಕೆ. ಎಲ್ಲಾ ಹೋದರೂ ಏಳು ಉಳಿಯುತ್ತವೆ ಅನ್ನುವ ಧೈರ್ಯ.

ನಿನ್ನೆ ಬೆಳಗ್ಗೆ ನಾಲ್ಕು ಇಂಚು ಆಳಕ್ಕೆ ಥರ್ಮಾಮೀಟರ್ ಚುಚ್ಚಿದೆ. ಬರಿ ಮಣ್ಣು 51. ಐದು ದಿನದಿಂದ ನಿಂತಿದ್ದ ಗೂಡಿನೊಳಗೆ 60. ಸಂಪಿಗೆ ಅವರಿಗೆ ಥ್ಯಾಂಕ್ಸ್.

ಹಿತ್ತಲಗಿಡ · ನೇಪರ್‌ವಿಲ್ · ಮೇ 6, ಸಂಜೆ

ಸ್ವಲ್ಪ ಬೇಗ ಉತ್ತರ ಕೊಡಿ ಯಾರಾದರೂ. ಇವತ್ತು ರಾತ್ರಿ 37 ಅಂತ ತೋರಿಸುತ್ತಿದೆ. ನೀರು ಹೆಪ್ಪುಗಟ್ಟುವ 32ಕ್ಕಿಂತ ಮೇಲೆ ಇದೆಯಲ್ಲ, ಮುಚ್ಚಬೇಕಾ?

ಬಿಳಿಜೋಳ · ಮ್ಯಾಡಿಸನ್ · ಮೇ 6

ಮುಚ್ಚಿ. ಈಗಲೇ ಹೋಗಿ, ಕತ್ತಲಾಗುವ ಮೊದಲು.

ಹವಾಮಾನದವರ ಥರ್ಮಾಮೀಟರ್ ನೆಲದಿಂದ ಐದಾರು ಅಡಿ ಮೇಲಿರುತ್ತದೆ. ಮೋಡ ಇಲ್ಲದೆ, ಗಾಳಿ ಇಲ್ಲದೆ ಇರುವ ರಾತ್ರಿ ನೆಲದ ಬಿಸಿ ನೇರ ಆಕಾಶಕ್ಕೆ ಹೋಗುತ್ತದೆ. ತಣ್ಣನೆಯ ಗಾಳಿ ಭಾರ, ಅದು ಕೆಳಗೆ ಕೂರುತ್ತದೆ. ಮೇಲೆ 37 ಇದ್ದಾಗ ಗಿಡದ ಮಟ್ಟಕ್ಕೆ 32 ಇರಬಹುದು, ಅದಕ್ಕಿಂತ ಕಡಿಮೆಯೂ ಇರಬಹುದು. ನಿಮ್ಮ ಹಿತ್ತಲು ತಗ್ಗಿನಲ್ಲಿದ್ದರೆ ಇನ್ನೂ ಜಾಸ್ತಿ ಚಳಿ. ಶಿಕಾಗೊ ಊರೊಳಗೆ ಸರೋವರದ ಪಕ್ಕ ಇರುವವರಿಗೆ ಈ ಭಯ ಕಡಿಮೆ. ನೀವು ಪಶ್ಚಿಮಕ್ಕೆ ಅಷ್ಟು ದೂರ ಇದ್ದೀರಿ.

ಮಣ್ಣು ಒಣಗಿದ್ದರೆ ಈಗಲೇ ನೀರು ಕೊಡಿ, ಹಸಿ ಮಣ್ಣು ಬಿಸಿ ಹಿಡಿದಿಡುತ್ತದೆ. ಎಲೆಗೆ ಬೇಡ, ಬುಡಕ್ಕೆ. ಹೊದಿಕೆ ಬಟ್ಟೆಯದಾಗಿರಲಿ. ಎಲೆಗೆ ತಾಗದ ಹಾಗೆ ಕೋಲು ನಿಲ್ಲಿಸಿ ಅದರ ಮೇಲೆ ಹಾಕಿ. ಸುತ್ತಲೂ ನೆಲ ಮುಟ್ಟಬೇಕು. ಗಿಡದ ಬಿಸಿ ಬರುವುದು ನೆಲದಿಂದ, ಹೊದಿಕೆ ಅದನ್ನು ಹಿಡಿಯಬೇಕು. ಲಾಲಿಪಾಪ್ ಥರ ತಲೆಗೆ ಮುಚ್ಚಿ ಕಾಂಡಕ್ಕೆ ಕಟ್ಟಿದರೆ ಏನೂ ಪ್ರಯೋಜನ ಇಲ್ಲ. ಅಂಚಿಗೆ ಕಲ್ಲು ಇಡಿ.

ಮಣ್ಣುಕೈ · ಎಡಿಸನ್ · ಮೇ 6

ಬಕೆಟ್! ಬಕೆಟ್ ಬೋರಲು ಹಾಕಿ, ಮೇಲೆ ಇಟ್ಟಿಗೆ ಇಡಿ. ಬೆಳಗ್ಗೆ ಬಿಸಿಲು ಬಂದ ಮೇಲೆ ತೆಗೆಯುವುದನ್ನು ಮರೆಯಬೇಡಿ.

ಹಿತ್ತಲಗಿಡ · ನೇಪರ್‌ವಿಲ್ · ಮೇ 7

ಬದುಕಿದೆವು. ಪೂರ್ತಿ ಹೇಳುತ್ತೇನೆ.

ಸಂಜೆ ಏಳಕ್ಕೆ ಅತ್ತೆ ಸ್ವೆಟರ್ ಮೇಲೆ ಯಜಮಾನರ ಜಾಕೆಟ್ ಹಾಕಿಕೊಂಡು ಹೊರಗೆ ಬಂದರು. ಬಕೆಟ್ ಗಾಡಿ ಗ್ಯಾರೇಜಿಗೆ ಹೋಯಿತು. ಗೂಡುಗಳ ಬಾಯಿ ಸೇರಿಸಿ ಮುಚ್ಚಿದೆವು. ಬರಿಮೈ ಗಿಡಗಳಲ್ಲಿ ಒಂದಕ್ಕೆ ಬಕೆಟ್ ಬೋರಲು ಹಾಕಿ ಇಟ್ಟಿಗೆ ಇಟ್ಟೆವು. ಇನ್ನೊಂದಕ್ಕೆ ಮೂರು ಕೋಲು ನಿಲ್ಲಿಸಿ ಹಳೆಯ ಬೆಡ್‌ಶೀಟ್.

ಬೆಳಗಿನ ಜಾವ ಐದು ಗಂಟೆಗೆ ನಿದ್ದೆ ಬರಲಿಲ್ಲ, ಹೋಗಿ ನೋಡಿದೆ. ನೆಲದ ಮೇಲೆ ಇಟ್ಟಿದ್ದ ಥರ್ಮಾಮೀಟರ್ 30 ತೋರಿಸುತ್ತಿತ್ತು. ಹುಲ್ಲು ಬೆಳ್ಳಗೆ, ಕಾಲಿಟ್ಟರೆ ಚರಚರ ಸದ್ದು. ಹಿಂದೆ ತಿರುಗಿದರೆ ಅತ್ತೆ ನಿಂತಿದ್ದಾರೆ. ಅವರು ಜೀವನದಲ್ಲಿ ಹೆಪ್ಪುಗಟ್ಟಿದ ಇಬ್ಬನಿ ನೋಡಿದ್ದು ಇದೇ ಮೊದಲು. ಬಗ್ಗಿ ಹುಲ್ಲನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಇಷ್ಟು ಅಂದವಾಗಿದೆ, ಇದು ಗಿಡ ಸಾಯಿಸುತ್ತದಾ?" ಅಂದರು.

ಗ್ಯಾರೇಜಿನ ಮೂರೂ ಆರಾಮ. ಗೂಡಿನ ಎರಡೂ ಆರಾಮ, ಕೊಳವೆಯ ತುದಿಯಲ್ಲಿ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಬಕೆಟ್ ಕೆಳಗಿನದು ಆರಾಮ. ಬೆಡ್‌ಶೀಟಿನ ಗಿಡಕ್ಕೆ ಮಾತ್ರ ಪೆಟ್ಟು. ಒಂದು ಬದಿ ಕಲ್ಲು ಜಾರಿ ಬಟ್ಟೆ ಗಿಡದ ತಲೆಗೆ ಒರಗಿತ್ತು, ಆ ಕಡೆ ನೆಲದಿಂದ ಅರ್ಧ ಅಡಿ ಬಾಯಿ ಬಿಟ್ಟಿತ್ತು. ಮೇಲಿನ ಅರ್ಧ ಕಪ್ಪಾಗಿದೆ. ಕಿತ್ತು ಹಾಕಲಾ?

ಬಿಳಿಜೋಳ · ಮ್ಯಾಡಿಸನ್ · ಮೇ 7

ಕೀಳಬೇಡಿ. ನಾಲ್ಕು ದಿನ ಬಿಡಿ. ಕೆಳಗಿನ ಕಾಂಡ ಹಸಿರಾಗಿದ್ದರೆ ಎಲೆಯ ಕಂಕುಳಿಂದ ಚಿಗುರು ಬರುತ್ತದೆ. ಎಲ್ಲಿಯವರೆಗೆ ಸತ್ತಿದೆ ಅಂತ ಗೊತ್ತಾದ ಮೇಲೆ ಅಷ್ಟನ್ನೇ ಕತ್ತರಿಸಿ.

ಹಿತ್ತಲಗಿಡ · ನೇಪರ್‌ವಿಲ್ · ಮೇ 18

ಚಿಗುರು ಬಂತು. ಎರಡು ಕಡೆಯಿಂದ.

ಬರಿಮೈಯ ಇನ್ನೊಂದು ಗಿಡ, ಬಕೆಟ್ ಕೆಳಗೆ ಉಳಿದದ್ದು, ನೆಟ್ಟ ದಿನ ಹೇಗಿತ್ತೋ ಹಾಗೇ ಇದೆ. ಎಲೆಯ ಕೆಳಗೆ ನೇರಳೆ. ಬಿಳಿಜೋಳ ಅವರು ಹೇಳಿದ್ದೇ ಆಯಿತು. ನಿನ್ನೆ ಏಳು ಸಸಿ ನೆಟ್ಟೆವು. ಅವು ಒಳಗೇ ಇದ್ದರೂ ಮೂರು ವಾರ ಮೊದಲು ಹೊರಗೆ ಹೋದ ಈ ಗಿಡಕ್ಕಿಂತ ಎತ್ತರ ಇವೆ! ಗೂಡಿನ ಗಿಡಗಳು ಮಾತ್ರ ಬಾಯಿಯಿಂದ ಹೊರಗೆ ಇಣುಕುತ್ತಿವೆ. ಬಕೆಟಿನ ಸನ್‌ಗೋಲ್ಡ್‌ನಲ್ಲಿ ಹೂವು.

ಕೆಂಪುನೆಲ · ಮುಳಬಾಗಿಲು · ಮೇ 19

ಬಹಳ ಸಂತೋಷ. ಕೋಲು ಈಗಲೇ ನಿಲ್ಲಿಸಿಬಿಡಿ. ಆಮೇಲೆ ನಿಲ್ಲಿಸಿದರೆ ಬೇರು ಕತ್ತರಿಸುತ್ತದೆ. ನಾವು ನೀಲಗಿರಿ ಕೋಲು ಹಾಕಿ ದಾರ ಎಳೆಯುತ್ತೇವೆ.

ತುಂಬೆಹೂ · ಬ್ರ್ಯಾಂಪ್ಟನ್ · ಜೂನ್ 10

ಏನಾಯಿತು? ನಮ್ಮ ಮನೆಯಲ್ಲೂ ಎಲ್ಲರೂ ಕೇಳುತ್ತಿದ್ದಾರೆ.

ಹಿತ್ತಲಗಿಡ · ನೇಪರ್‌ವಿಲ್ · ಜೂನ್ 11

ಕಾಯಿ ಕಟ್ಟಿದೆ. ಬಕೆಟಿನ ಸನ್‌ಗೋಲ್ಡ್‌ನಲ್ಲಿ ಗೋಲಿಯಷ್ಟು ದಪ್ಪ, ಎಣಿಸಿದರೆ ಹದಿನೇಳು. ಗೂಡಿನ ಸ್ಟುಪೀಸ್‌ನಲ್ಲಿ ಆರು. ಗೂಡಿನ ಅರ್ಲಿ ಗರ್ಲ್‌ನಲ್ಲಿ ಮೊದಲ ಹೂಗಳು ಉದುರಿದವು, ಉಳಿದ ಒಂದೇ ಕಾಯಿ ಸೊಟ್ಟಗೆ, ತಳದಲ್ಲಿ ಹೊಲಿಗೆ ಹಾಕಿದ ಹಾಗೆ ಗೆರೆ. ರೋಗವಾ?

ಬಿಳಿಜೋಳ · ಮ್ಯಾಡಿಸನ್ · ಜೂನ್ 11

ರೋಗ ಅಲ್ಲ. ಹೂವು ಮೊಗ್ಗಿನಲ್ಲಿದ್ದಾಗ ಚಳಿ ತಗುಲಿದರೆ ಹಾಗಾಗುತ್ತದೆ. ರಾತ್ರಿ 55ಕ್ಕಿಂತ ಕಡಿಮೆ ಇದ್ದರೆ ಹೂ ಉದುರುವುದೂ ಅದಕ್ಕೇ. ಮುಂದಿನ ಗೊಂಚಲು ಸರಿಯಾಗಿ ಬರುತ್ತದೆ. ಸ್ಟುಪೀಸ್ ಚೆಕೊಸ್ಲೊವಾಕಿಯಾದಿಂದ ಬಂದ ತಳಿ, ತಂಪಿಗೆ ಸ್ವಲ್ಪ ತಡೆಯುತ್ತದೆ. ಸೊಟ್ಟ ಕಾಯಿ ತಿನ್ನಲು ಏನೂ ತೊಂದರೆ ಇಲ್ಲ.

ಹಿತ್ತಲಗಿಡ · ನೇಪರ್‌ವಿಲ್ · ಜುಲೈ 1

ಇವತ್ತು ಬೆಳಗ್ಗೆ ಏಳೂವರೆ. ಬಕೆಟಿನ ಸನ್‌ಗೋಲ್ಡ್. ಮೂರು ಹಣ್ಣು.

ನಾನು ಕರೆಯುವ ಮೊದಲೇ ಅತ್ತೆ ಅಲ್ಲಿದ್ದರು. ಕಿತ್ತಿರಲಿಲ್ಲ, ಕಾಯುತ್ತಿದ್ದರು. ಕಿತ್ತು ಒಂದು ಮಗನ ಬಾಯಿಗೆ, ಒಂದು ನನಗೆ, ಒಂದು ಅವರಿಗೆ. "ಇದು ಟೊಮೇಟೊ ಅಲ್ಲ, ದ್ರಾಕ್ಷಿ" ಅಂದರು. ಸಾರಿಗೆ ಬರುವುದಿಲ್ಲ, ಹುಳಿ ಸಾಲದು ಅಂತಲೂ ಹೇಳಿದರು. ಅವರಿಗೆ ಊರಿನ ನಾಟಿ ಹಣ್ಣಿನ ಹುಳಿಯೇ ಹುಳಿ.

ಸಂಪಿಗೆ · ಡೆನ್ವರ್ · ಜುಲೈ 1

ಓದಿ ಕಣ್ಣಲ್ಲಿ ನೀರು ಬಂತು. ಹೋದ ವಾರ ನಮ್ಮಲ್ಲಿ ಆಲಿಕಲ್ಲು ಬಿದ್ದು ನನ್ನ ಗಿಡ ಅರ್ಧ ಹೋಯಿತು. ನಿಮ್ಮದನ್ನು ನೋಡಿ ಸಮಾಧಾನವಾಯಿತು.

ಹಿತ್ತಲಗಿಡ · ನೇಪರ್‌ವಿಲ್ · ಜುಲೈ 13

ಸಂಪಿಗೆ ಅವರೇ, ನಿಮ್ಮ ಗಿಡಗಳು ಚಿಗುರಲಿ. ಬುಡ ಗಟ್ಟಿ ಇದ್ದರೆ ಬರುತ್ತದೆ, ನನ್ನದು ಬಂತಲ್ಲ.

ಯಾವ ಗಿಡದಲ್ಲಿ ಮೊದಲ ಹಣ್ಣು ಯಾವಾಗ ಅಂತ ತಾರೀಖು ಬರೆದಿಟ್ಟಿದ್ದೇನೆ. ಬಕೆಟಿನ ಸನ್‌ಗೋಲ್ಡ್ ಜುಲೈ 1. ಗೂಡಿನ ಸ್ಟುಪೀಸ್ ಜುಲೈ 4. ಮೇ 17ಕ್ಕೆ ನೆಟ್ಟ ಸನ್‌ಗೋಲ್ಡ್ ಜುಲೈ 11. ಮೂರು ವಾರ ಮೊದಲು ಇಟ್ಟದ್ದಕ್ಕೆ ಸಿಕ್ಕಿದ್ದು ಹತ್ತು ದಿನ. ಬರಿಮೈ ಗಿಡ ಬಕೆಟ್ ಕೆಳಗೆ ಉಳಿಯಿತಲ್ಲ, ಅದೂ ಸನ್‌ಗೋಲ್ಡ್. ಅದು ಹಣ್ಣಾದದ್ದು ಜುಲೈ 12, ಅಂದರೆ ಮೇ 17ರ ಗಿಡಕ್ಕಿಂತ ಒಂದು ದಿನ ತಡ. ಫ್ರಾಸ್ಟಿಗೆ ಸಿಕ್ಕ ಗಿಡದಲ್ಲಿ ಇನ್ನೂ ಕಾಯಿ.

ಇವತ್ತು ಸ್ಟುಪೀಸ್, ಸೊಟ್ಟ ಅರ್ಲಿ ಗರ್ಲ್ ಎಲ್ಲಾ ಸೇರಿ ಹನ್ನೊಂದು ಹಣ್ಣು. ಅತ್ತೆ ಗೊಜ್ಜು ಮಾಡಿದರು, ಒಗ್ಗರಣೆಗೆ ಬೆಳ್ಳುಳ್ಳಿ ಜಾಸ್ತಿ ಹಾಕಿ. ಸ್ಟುಪೀಸ್ ಒಂದು ಹಣ್ಣು ಬೀಜಕ್ಕೆ ಅಂತ ಎತ್ತಿಟ್ಟರು. ಊರಿಗೆ ಒಯ್ಯಬಹುದಾ ಅಂತ ಕೇಳುತ್ತಿದ್ದಾರೆ.

ಬಿಳಿಜೋಳ · ಮ್ಯಾಡಿಸನ್ · ಜುಲೈ 13

ಬ್ಯಾಗಿಗೆ ಹಾಕಬೇಡಿ. ಭಾರತಕ್ಕೆ ಬೀಜ ಒಯ್ಯಲು ಅಲ್ಲಿನ ಆಮದು ಪರವಾನಗಿ, ಇಲ್ಲಿನ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. ರೋಗ ದಾಟಬಾರದು ಅಂತ ಆ ನಿಯಮ. ಮುಳಬಾಗಿಲಿನಂಥ ಟೊಮೇಟೊ ಸೀಮೆಗೆ ಹೊಸ ರೋಗ ಹೋಗಬಾರದಲ್ಲ. ನಿಮ್ಮಲ್ಲೇ ಇಟ್ಟುಕೊಳ್ಳಿ. ಸ್ಟುಪೀಸ್ ಹೈಬ್ರಿಡ್ ಅಲ್ಲ, ಬೀಜ ಹಾಗೇ ಬರುತ್ತದೆ. ಸನ್‌ಗೋಲ್ಡ್, ಅರ್ಲಿ ಗರ್ಲ್ ಬೀಜ ಇಟ್ಟರೆ ಅದೇ ಗಿಡ ಬರುವುದಿಲ್ಲ. ತಿರುಳನ್ನು ನೀರಿನಲ್ಲಿ ಎರಡು ಮೂರು ದಿನ ಹುಳಿಯಲು ಬಿಟ್ಟು ತೊಳೆದು ಒಣಗಿಸಿ.

ಹಿತ್ತಲಗಿಡ · ನೇಪರ್‌ವಿಲ್ · ಜುಲೈ 16

ಅತ್ತೆ ಕ್ಷೇಮವಾಗಿ ತಲುಪಿದರು. ಬೀಜದ ಲೋಟ ಅಡುಗೆಮನೆ ಕಿಟಕಿಯಲ್ಲಿದೆ, ಇವತ್ತು ತೊಳೆದು ತಟ್ಟೆಗೆ ಹಾಕುತ್ತೇನೆ.

ಊರಿಗೆ ಮುಟ್ಟಿ ಮೊದಲ ಫೋನಿನಲ್ಲೇ ಕೇಳಿದರು: ಆ ಸುಟ್ಟುಹೋಗಿದ್ದ ಗಿಡಕ್ಕೆ ಕೋಲು ಕಟ್ಟಿದೆಯಾ ಅಂತ. ಕಟ್ಟಿರಲಿಲ್ಲ. ಫೋನ್ ಇಟ್ಟು ಹೋಗಿ ಕಟ್ಟಿ ಬಂದೆ. ಅದರಲ್ಲಿ ಐದು ಕಾಯಿ ಇದೆ.